ಗುಮಾಸ್ತನಿಗೊಂದು ಚೌಕಿ

ಕಳೆದ ಮಳೆಗಾಲದಲ್ಲಿ ಒಂದು ಸರಕಾರಿ ಕಚೇರಿಗೆ ಕನ್ನಡದಲ್ಲಿ ಇ-ಮೇಲ್ ಕಳಿಸಿದ್ದೆ. ವಿಷಯ ದೊಡ್ಡದೇನಲ್ಲ. ತೋಟದ ಬದಿಯ ಮೋರಿ ಕುಸಿದು, ರಸ್ತೆಯ ನೀರೆಲ್ಲ ಅಡಿಕೆ ಮರದ ಬುಡಕ್ಕೆ ನುಗ್ಗುತ್ತಿತ್ತು. ಹದಿನೆಂಟು ದಿನ ಬಿಟ್ಟು ಉತ್ತರ ಬಂತು, ಅಚ್ಚ ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದಲೂ ಬರುತ್ತದೆ. ಕಚೇರಿಯ ಮಲಯಾಳ ಮಾತ್ರ ಬೇರೆಯೇ ಜಾತಿ, ಅದಕ್ಕೆ ಪಕ್ಕದ ಮನೆಯ ಹುಡುಗಿಯೇ ಆಗಬೇಕು. ಅವಳು ಎರಡು ಪುಟ ಓದಿ ಹೇಳಿದಳು: "ಅರ್ಜಿ ಸಿಕ್ಕಿದೆ ಅಂತ ಉಂಟು ಮಾಮ, ಅಷ್ಟೆ."

ಇಂಥ ಕತೆ ಬದಿಯಡ್ಕದಲ್ಲಾಗಲಿ ಮಂಜೇಶ್ವರದಲ್ಲಾಗಲಿ ಯಾರಿಗೂ ಹೊಸತಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಅರ್ಜಿ ಬರೆಯುವುದರಲ್ಲಿ ಪಳಗಿದವರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಲಿ ಎಂದಿತು. ಆ ವರದಿ ಕಪಾಟಿನಲ್ಲಿ ಕೂತಿತು, ನಾವು ಇಲ್ಲೇ ಕೂತೆವು. ಆದರೆ ಕಪಾಟು ಸೇರದ ಒಂದು ಕಾಗದವೂ ಉಂಟು, ಅದನ್ನು ನಾವೇ ಮರೆಯುತ್ತೇವೆ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿಗೆ, ಇಲಾಖೆಯ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಸಾರಿದ ಕಡೆಯ ಸ್ಥಳೀಯ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೆಯ ವಿಧಿ ಬೇರೆ ಬೆನ್ನಿಗಿದೆ. ಸಿಟ್ಟಿನಲ್ಲಿ ಅರ್ಜಿ ಬರೆಯುವಾಗ ಈ ಎರಡು ಸಾಲು ಸೇರಿಸಲು ನನಗೆ ನೆನಪೇ ಆಗುವುದಿಲ್ಲ. ನೆನಪಾಗುವುದು ಕಳಿಸಿದ ಮೇಲೆ.

ಹಾಗಾಗಿ ಈ ಸಲ ದೂರುವುದನ್ನು ಬಿಟ್ಟು ಮರಗೆಲಸಕ್ಕೆ ಕೂತೆ. ನನ್ನ ಮೇಲ್ ನೋಡುವುದು ಥಂಡರ್‌ಬರ್ಡ್ ಎಂಬ ತಂತ್ರಾಂಶದಲ್ಲಿ. 2004ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿ ಬಂದ, ಈಗಲೂ ಬಳಸುವವರ ದೇಣಿಗೆಯಲ್ಲೇ ಬದುಕುವ ಹಳೆಯ ಜೀವ. ಅದಕ್ಕೆ ಯಾರು ಬೇಕಾದರೂ ಆಡ್-ಆನ್ ಬರೆದು ಸಿಕ್ಕಿಸಬಹುದು. ನನಗೆ ಬೇಕಿದ್ದದ್ದು ಒಬ್ಬ ಗುಮಾಸ್ತ. 'ಕಳಿಸು' ಒತ್ತಿದ ಕ್ಷಣದಲ್ಲಿ ಅವನು ಕಾಗದವನ್ನು ಒಮ್ಮೆ ನೋಡಬೇಕು. ವಿಳಾಸ ಕೇರಳ ಸರಕಾರದ್ದು, ಒಳಗಿನ ಬರಹ ಕನ್ನಡದ್ದು ಎಂದಾದರೆ ಕೊನೆಗೆ ಕಾಯ್ದೆಯ ಹೆಸರು ಬರೆದು 'ದಯವಿಟ್ಟು ಕನ್ನಡದಲ್ಲಿ ಉತ್ತರಿಸಿ' ಎಂದು ಸೇರಿಸಬೇಕು. ಲಗತ್ತಿಸಿದ್ದೇನೆ ಎಂದು ಬರೆದು ಏನೂ ಲಗತ್ತಿಸದೆ ಹೊರಟರೆ ತಡೆಯಬೇಕು. ಸಂಬಳವಿಲ್ಲ, ರಜೆಯೂ ಇಲ್ಲ.

ಕೆಲಸ ಶುರುವಾಗುವ ಮೊದಲು ಕೆಲಸದ ಜಾಗ ಬೇಕು. ಇಂಗ್ಲಿಷಿನವರು ಅದನ್ನು ಡೆವಲಪ್‌ಮೆಂಟ್ ಎನ್‌ವಿರಾನ್‌ಮೆಂಟ್ ಅನ್ನುತ್ತಾರೆ. ಪದಕ್ಕೆ ಪದ ಇಟ್ಟು 'ಅಭಿವೃದ್ಧಿ ಪರಿಸರ' ಅಂದರೆ, ಎಣ್ಮಕಜೆಯ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಊರಿನಲ್ಲಿ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ. ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರಿಗೆ ಇದಕ್ಕಿಂತ ಒಳ್ಳೆಯ ಪದ ಕೈಯಲ್ಲೇ ಉಂಟು, ಚೌಕಿ, ಎಂದರೆ ಯಕ್ಷಗಾನದ ಬಣ್ಣದ ಮನೆ. ಬಣ್ಣ ಬಳಿಯುವುದು, ಕಿರೀಟ ಕಟ್ಟುವುದು, ಗೆಜ್ಜೆ ಬಿಗಿ ಆಯಿತೋ ಸಡಿಲ ಆಯಿತೋ ನೋಡುವುದು ಎಲ್ಲ ಅಲ್ಲೇ. ಅಲ್ಲಿ ತಪ್ಪಿದರೆ ಒರೆಸಿ ಮತ್ತೆ ಬಳಿಯಬಹುದು. ರಂಗಸ್ಥಳದಲ್ಲಿ ತಪ್ಪಿದರೆ ಊರೇ ನೋಡುತ್ತದೆ.

ನನ್ನ ಚೌಕಿ ಎಂದರೆ 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪು, ಅದರಲ್ಲಿ ಲಿನಕ್ಸ್. ಇದಕ್ಕೆ ಯಾರೂ ಹೆದರಬೇಕಾಗಿಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಮುಟ್ಟುವ ಲ್ಯಾಪ್‌ಟಾಪುಗಳಲ್ಲೆಲ್ಲ ಇರುವುದು 'ಕೈಟ್' ಸಂಸ್ಥೆ ಉಬುಂಟುವಿನಿಂದ ಕಟ್ಟಿದ ಲಿನಕ್ಸೇ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತದೆ. 2018ರಿಂದ ಪ್ರೌಢಶಾಲೆಗಳಲ್ಲಿ 'ಲಿಟಲ್ ಕೈಟ್ಸ್' ಎಂಬ ಕೂಟವೂ ಇದೆ. ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ಕ್ಲಾಸು ಓದುವ ನನ್ನ ತಂಗಿಯ ಮಗ ಆ ಕೂಟದವನು. ಅವನಿಗೆ ಫೋಲ್ಡರು, ಫೈಲು, ಕನ್ಸೋಲು ಎಂದರೆ ನಮಗೆ ಕತ್ತಿ, ಬುಟ್ಟಿ, ಹಾಳೆ ಇದ್ದ ಹಾಗೆ.

ಮೊದಲ ಕೆಲಸ ಪ್ರೊಫೈಲ್ ಬೇರೆ ಮಾಡುವುದು. ದಿನದ ಥಂಡರ್‌ಬರ್ಡನ್ನು ಮುಚ್ಚಿ, ಟರ್ಮಿನಲ್ಲಿನಲ್ಲಿ ಅದರ ಹೆಸರಿನ ಮುಂದೆ ಒಂದು ಅಡ್ಡಗೆರೆ, ಪಕ್ಕದಲ್ಲಿ ದೊಡ್ಡ 'ಪಿ' ಹಾಕಿ ಕರೆದರೆ ಯಾವ ಪ್ರೊಫೈಲ್ ಬೇಕು ಎಂದು ಕೇಳುತ್ತದೆ. ಹೊಸದೊಂದು ಮಾಡಿ 'ಚೌಕಿ' ಎಂದೇ ಹೆಸರಿಟ್ಟೆ. ಅದಕ್ಕೆ ನನ್ನ ನಿಜವಾದ ಖಾತೆ ಕೊಡಲಿಲ್ಲ, ಪರೀಕ್ಷೆಗೆಂದೇ ತೆರೆದ ಒಂದು ಖಾಲಿ ವಿಳಾಸ ಕೊಟ್ಟೆ. ಈ ಹೆಜ್ಜೆಯನ್ನು ಹಾರಿಸಬೇಡಿ ಮಾರಾಯ್ರೆ. ಬರೆಯುತ್ತಿರುವ ಕಾಗದವನ್ನು ತಿದ್ದುವ ಅನುಮತಿ ಆಡ್-ಆನ್‌ಗೆ ಕೊಡುತ್ತೇವೆ. ಅರೆಬೆಂದ ಗುಮಾಸ್ತ ಬ್ಯಾಂಕಿಗೆ ಹೋಗುವ ಮೇಲ್‌ನ ಕೊನೆಗೂ 1969ರ ಕಾಯ್ದೆ ಅಂಟಿಸಿ ಕಳಿಸಿಯಾನು.

ಹೊಸ ಉಬುಂಟು ಇದ್ದವರಿಗೆ ಒಂದು ಮಾತು. 24.04ರಿಂದ ಥಂಡರ್‌ಬರ್ಡ್ ಬರುವುದು ಸ್ನಾಪ್ ಎಂಬ ಡಬ್ಬಿಯಲ್ಲಿ. ಆ ಡಬ್ಬಿಗೆ ಮನೆಯ ಫೋಲ್ಡರಿನ ಹೊರಗೆ ಕಣ್ಣು ಕಾಣುವುದಿಲ್ಲ, ಚುಕ್ಕೆಯಿಂದ ಶುರುವಾಗುವ ಅಡಗು ಫೋಲ್ಡರೂ ಕಾಣುವುದಿಲ್ಲ. ಹಾಗಾಗಿ ಆಡ್-ಆನ್‌ನ ಫೋಲ್ಡರನ್ನು ಮನೆಯ ಜಗಲಿಯಲ್ಲೇ, ಎಲ್ಲರಿಗೂ ಕಾಣುವ ಹಾಗೆ ಇಡಿ.

ನಾನು ಮೂರು ಗಂಟೆ ಕಳೆದುಕೊಂಡದ್ದು ಬೇರೆ ಕಡೆ. ಆಡ್-ಆನ್ ಬರೆಯುವುದು ಹೇಗೆ ಎಂದು ಹುಡುಕಿದರೆ ಸಿಗುವ ಪಾಠಗಳಲ್ಲಿ ಅರ್ಧದಷ್ಟು ಸತ್ತುಹೋದ ವಿದ್ಯೆ. 'ಇನ್‌ಸ್ಟಾಲ್ ಆರ್‌ಡಿಎಫ್' ಎಂಬ ಫೈಲು ಮಾಡಿ, 'ಝೂಲ್' ಎಂಬ ಭಾಷೆಯಲ್ಲಿ ಕಿಟಕಿ ಬರೆಯಿರಿ ಎನ್ನುತ್ತವೆ. ನಾನು ವಿಧೇಯನಾಗಿ ಎಲ್ಲ ಮಾಡಿದೆ, ಥಂಡರ್‌ಬರ್ಡ್ ಕಣ್ಣೆತ್ತಿಯೂ ನೋಡಲಿಲ್ಲ. 2020ರಲ್ಲಿ ಬಂದ 78ನೆಯ ಆವೃತ್ತಿ ಆ ಹಳೆಯ ಪದ್ಧತಿಗೆ ಬಾಗಿಲು ಹಾಕಿತ್ತು. ಈಗಿನದ್ದು ಬ್ರೌಸರಿನ ಎಕ್ಸ್‌ಟೆನ್ಶನ್‌ಗಳ ಅಣ್ಣತಮ್ಮ, ಹೆಸರು ಮೇಲ್‌ಎಕ್ಸ್‌ಟೆನ್ಶನ್. ಓದುವ ಪಾಠದಲ್ಲಿ 'ಮ್ಯಾನಿಫೆಸ್ಟ್ ಜೇಸನ್' ಎಂಬ ಫೈಲಿನ ಹೆಸರು ಇಲ್ಲವೆಂದಾದರೆ ಅದನ್ನು ಅಲ್ಲಿಗೇ ಮುಚ್ಚಿಡಿ.

ಹೊಸ ಪದ್ಧತಿ ಆಶ್ಚರ್ಯವಾಗುವಷ್ಟು ಸರಳ. ಎರಡು ಫೈಲು ಸಾಕು. ಒಂದು ಆ ಮ್ಯಾನಿಫೆಸ್ಟು, ಅಂದರೆ ಮೇಳದ ಕರಪತ್ರ. ಪ್ರಸಂಗದ ಹೆಸರು, ವೇಷ ಯಾರದು, ಎಷ್ಟನೆಯ ಆವೃತ್ತಿ, ಇ-ಮೇಲ್ ವಿಳಾಸದಂತೆ ಕಾಣುವ ಒಂದು ಗುರುತು, ಥಂಡರ್‌ಬರ್ಡ್ ಕನಿಷ್ಠ ಎಷ್ಟನೆಯದಾಗಿರಬೇಕು, ಯಾವ ಯಾವ ಅನುಮತಿ ಬೇಕು. ಇನ್ನೊಂದು ಹಿನ್ನೆಲೆಯಲ್ಲಿ ಓಡುವ ಜಾವಾಸ್ಕ್ರಿಪ್ಟ್ ಫೈಲು. 'ಕಳಿಸುವ ಮೊದಲು' ಎಂಬ ಘಟನೆಗೆ ಅದು ಕಿವಿ ಕೊಟ್ಟು ಕೂತಿರುತ್ತದೆ. ಬೇರೆ ಸಲಕರಣೆ ಏನೂ ಬೇಡ, ದೊಡ್ಡ ದೊಡ್ಡ ಹೆಸರಿನ ತಂತ್ರಾಂಶಗಳೂ ಬೇಡ.

ಸರಳ ಎಂದೆನಲ್ಲ, ಅದರಲ್ಲೂ ಮುಗ್ಗರಿಸಿದೆ. ಕನ್ನಡ ಟೈಪಿಂಗಿಗೆ ಕೈ ಪಳಗಿದ್ದು ಲಿಬ್ರೆ ಆಫೀಸಿನಲ್ಲಾದ್ದರಿಂದ ಮ್ಯಾನಿಫೆಸ್ಟನ್ನೂ ಅಲ್ಲೇ ಬರೆದು ನಕಲು ಮಾಡಿದೆ. ಆಫೀಸು ಮಹಾಶಯ ನೇರ ಉದ್ಧರಣ ಚಿಹ್ನೆಗಳನ್ನೆಲ್ಲ ಚಂದಕ್ಕೆ ಬಾಗಿಸಿ ಇಟ್ಟಿದ್ದ. ಜೇಸನ್‌ಗೆ ಬಾಗಿದ ಚಿಹ್ನೆ ಆಗುವುದಿಲ್ಲ. ಅದನ್ನು ಸರಿಪಡಿಸಿದರೂ ಕೆಂಪು ಅಕ್ಷರದ ದೋಷ ಹೋಗಲಿಲ್ಲ. ಹುಡುಗ ಬಂದು ಚಹಾ ಕುಡಿಯುತ್ತಲೇ ಬೆರಳಿಟ್ಟು ತೋರಿಸಿದ, "ಮಾಮ, ಕೊನೇ ಸಾಲಿಗೆ ಅಲ್ಪವಿರಾಮ ಯಾಕೆ?" ನಲವತ್ತು ವರ್ಷದಿಂದ ಬರೆಯುತ್ತಿದ್ದೇನೆ, ಅಲ್ಪವಿರಾಮ ಹೆಚ್ಚಾಯಿತೆಂದು ಯಾವ ಸಂಪಾದಕನೂ ನನ್ನ ಬರಹ ವಾಪಸ್ ಮಾಡಿರಲಿಲ್ಲ.

ಕಟ್ಟಿದ ವೇಷವನ್ನು ಕುಣಿಸಿ ನೋಡುವ ದಾರಿ ಹೀಗೆ: ಟೂಲ್ಸ್ ಮೆನುವಿನಲ್ಲಿ ಡೆವಲಪರ್ ಟೂಲ್ಸ್, ಅದರಲ್ಲಿ ಡೀಬಗ್ ಆಡ್-ಆನ್ಸ್, ಅಲ್ಲಿ 'ತಾತ್ಕಾಲಿಕ ಆಡ್-ಆನ್ ತುಂಬು' ಎಂಬರ್ಥದ ಗುಂಡಿ. ಮ್ಯಾನಿಫೆಸ್ಟನ್ನು ತೋರಿಸಿದರೆ ಆಯಿತು. ಕೋಡ್ ತಿದ್ದಿದಾಗೆಲ್ಲ ಪಕ್ಕದ 'ರೀಲೋಡ್' ಒತ್ತಿದರೆ ಸಾಕು. 'ಇನ್‌ಸ್ಪೆಕ್ಟ್' ಒತ್ತಿದರೆ ಗುಮಾಸ್ತ ತನ್ನೊಳಗೆ ಏನು ಗೊಣಗುತ್ತಿದ್ದಾನೆ ಎಂಬುದು ಕನ್ಸೋಲಿನಲ್ಲಿ ಕಾಣುತ್ತದೆ. ಥಂಡರ್‌ಬರ್ಡ್ ಮುಚ್ಚಿ ತೆರೆದರೆ ಆಡ್-ಆನ್ ಮಾಯ. ಬೆಳಗಾದ ಮೇಲೆ ಬಣ್ಣ ತೆಗೆದ ಹಾಗೆ. ಮೊದಲ ದಿನ ಕರೆಂಟು ಮೂರು ಸಲ ಹೋಗಿ, ಮೂರು ಸಲವೂ ವೇಷ ಕಟ್ಟಿದೆ. ಮಳೆಗಾಲದ ನಮ್ಮೂರಿನಲ್ಲಿ ತಾತ್ಕಾಲಿಕ ಎಂದರೆ ನಿಜಕ್ಕೂ ತಾತ್ಕಾಲಿಕ.

ಇನ್ನು ನನಗೆ ರುಚಿ ಹತ್ತಿದ ಭಾಗಕ್ಕೆ ಬರುತ್ತೇನೆ. ಒಂದು ಕಾಗದ ಕನ್ನಡದ್ದು ಎಂದು ಗುಮಾಸ್ತನಿಗೆ ತಿಳಿಯುವುದು ಹೇಗೆ? ಅವನಿಗೆ ಓದು ಬಾರದು, ಎಣಿಸಲು ಬರುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಓಣಿ, ಅದರ ಪಕ್ಕದ 128 ಮನೆಗಳ ಓಣಿಯೇ ಮಲಯಾಳದ್ದು. ಅಲ್ಲಿಯೂ ನಾವು ಗಡಿಯವರೇ. 'ಕನ್ನಡ ಲಿಪಿಯ ಅಕ್ಷರ ಎಷ್ಟು' ಎಂದು ಕೇಳಿದರೆ ಜಾವಾಸ್ಕ್ರಿಪ್ಟ್ ನೇರವಾಗಿ ಹೇಳುತ್ತದೆ. 'ಕಾಸರಗೋಡು' ಎಂಬಲ್ಲಿ ನಮ್ಮ ಕಣ್ಣಿಗೆ ಐದಕ್ಷರ, ಅದಕ್ಕೆ ಎಂಟು, ಏಕೆಂದರೆ ದೀರ್ಘ, ಕೊಂಬು, ಓತ್ವ ಎಲ್ಲ ಬೇರೆ ಬೇರೆ ಲೆಕ್ಕ. ಇದು ತೊಂದರೆ ಎಂದು ಮೊದಲು ಅನಿಸಿತ್ತು, ಆಮೇಲೆ ವರವಾಯಿತು. ಲಗತ್ತಿನ ನೆನಪು ಮಾಡುವ ಗುಣ ಥಂಡರ್‌ಬರ್ಡಿನಲ್ಲಿ ಮೊದಲೇ ಉಂಟು, ಅದರ ಪಟ್ಟಿಗೆ ನಮ್ಮ ಪದ ಸೇರಿಸಲೂಬಹುದು. ಆದರೆ ಕನ್ನಡದ ಪದ ಒಂದೇ ವೇಷದಲ್ಲಿ ಬರುತ್ತದೆಯೇ? ಲಗತ್ತು, ಲಗತ್ತಿಸಿದ್ದೇನೆ, ಲಗತ್ತಿಸಲಾಗಿದೆ, ಲಗತ್ತನ್ನು ನೋಡಿ. ಕೊಂಬು ಗುಡಿಸುಗಳು ಪ್ರತ್ಯೇಕ ಸಂಕೇತಗಳಾದ್ದರಿಂದ 'ಲಗತ್ತ' ಎಂಬಷ್ಟನ್ನು ಹುಡುಕಿದರೆ ಎಲ್ಲವೂ ಬಲೆಗೆ ಬೀಳುತ್ತವೆ. ಪ್ರಕೃತಿ, ಪ್ರತ್ಯಯ ಎಂದು ವ್ಯಾಕರಣದ ಮೇಷ್ಟ್ರು ಬಡಿದು ಕಲಿಸಿದ್ದು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಇನ್ನೊಂದು ಮೋಜು ನೋಡಿ. ಇ-ಮೇಲ್‌ನ ವಿಷಯದ ಸಾಲು ಹಳೆಯ ಕಾಲದ ಇಂಗ್ಲಿಷ್ ಅಕ್ಷರಗಳಿಗೆಂದು ಹುಟ್ಟಿದ್ದು. ಬೇರೆ ಲಿಪಿಯನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ವೇಷ ಹಾಕಿಸಿ ಕಳಿಸುವ ಉಪಾಯವನ್ನು 1996ರಲ್ಲಿ ಪಕ್ಕಾ ಮಾಡಿದರು, ಇವತ್ತಿಗೂ ಅದೇ ನಡೆಯುತ್ತದೆ. ಕಂಟ್ರೋಲ್ ಜೊತೆ 'ಯು' ಒತ್ತಿದರೆ ಮೇಲ್‌ನ ಮೂಲರೂಪ ಕಾಣುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಮೂರು ಬೈಟಿಗೆ ಇಂಗ್ಲಿಷಿನ ನಾಲ್ಕು ಚಿಹ್ನೆ. ಎಂದರೆ 'ಕಾಸರಗೋಡು' ಮೂವತ್ತೆರಡು ಚಿಹ್ನೆಯಾಗಿ ಪ್ರಯಾಣ ಮಾಡುತ್ತದೆ. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಕನ್ನಡವಾಗಲಿ ಮಲಯಾಳವಾಗಲಿ ತೆಲುಗಾಗಲಿ, ನಾಲ್ಕರ ಗುಂಪಿನಲ್ಲಿ ಮೊದಲ ಎರಡು ಯಾವಾಗಲೂ ಒಂದೇ: ಅಂಕಿ 4, ಆಮೇಲೆ 'ಎಲ್'. ಮೂರನೆಯದರಲ್ಲಿ ದಾರಿ ಬೇರೆ. ಕನ್ನಡಕ್ಕೆ 'ಕೆ' ಅಥವಾ 'ಓ', ಮಲಯಾಳಕ್ಕೆ 'ಎಸ್' ಅಥವಾ 'ಡಬ್ಲ್ಯು'. ಪದಗಳ ನಡುವೆ ಖಾಲಿ ಜಾಗ ಬಂದರೆ ಈ ಗುಂಪು ಸರಿದು ಲೆಕ್ಕ ತಪ್ಪುತ್ತದೆ, ಆದರೆ ಸಾಲಿನ ಮೊದಲ ಪದಕ್ಕೆ ಮೋಸವಿಲ್ಲ. ಈಗ ಉತ್ತರ ಯಾವ ಭಾಷೆಯದೆಂದು ತೆರೆಯದೆಯೇ, ಮೂರನೆಯ ಅಕ್ಷರ ನೋಡಿ ಹೇಳಬಲ್ಲೆ. ಇದರಿಂದ ಯಾವ ಪ್ರಯೋಜನವೂ ಇಲ್ಲ, ಮನೆಯವರೂ ಹಾಗೆಯೇ ಹೇಳಿದರು.

ಎಣಿಸುವ ಗುಮಾಸ್ತನಿಗೆ ಎರಡು ಕಡೆ ಪೆಟ್ಟು ಬಿತ್ತು. ಒಂದು, ನನ್ನ ಭಾವ. ಅವನು ತುಳುವಿನಲ್ಲಿ ಬರೆಯುವವನು, ಲಿಪಿ ಕನ್ನಡ. ಹವ್ಯಕ ಮಾತು, ಕೊಂಕಣಿ, ಬ್ಯಾರಿ ಎಲ್ಲವನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುವವರಿದ್ದಾರೆ. ಎಲ್ಲವೂ ಗುಮಾಸ್ತನಿಗೆ ಕನ್ನಡವೇ. ತುಳು-ತಿಗಳಾರಿ ಲಿಪಿಗೆ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನಲ್ಲಿ ಸ್ವಂತ ಮನೆ ಸಿಕ್ಕಿದೆ ನಿಜ, ಭಾವ ಇನ್ನೂ ಒಕ್ಕಲು ಹೋಗಿಲ್ಲ. ಏಳು ಭಾಷೆಯ ನೆಲದಲ್ಲಿ ಲಿಪಿ ನೋಡಿ ಭಾಷೆ ಹೇಳುವುದು ಲುಂಗಿ ನೋಡಿ ಜಾತಿ ಹೇಳಿದ ಹಾಗೆ.

ಎರಡನೆಯದು ಹೊಟ್ಟೆಗೆ ಬಿದ್ದ ಪೆಟ್ಟು. ಒಂದು ಸಾಹಿತ್ಯ ಸಂಘಟನೆಯ ಕಾರ್ಯದರ್ಶಿ ಕಳಿಸಿದ ನಾಲ್ಕು ಪುಟದ ಕನ್ನಡ ಮನವಿಯನ್ನು ಪರೀಕ್ಷೆಗೆ ಕೊಟ್ಟೆ. ಗುಮಾಸ್ತ ಎಣಿಸಿ ಹೇಳಿದ: ಕನ್ನಡ ಅಕ್ಷರ ಸೊನ್ನೆ. ಹಳೆಯ ನುಡಿ ಆನ್ಸಿ ಫಾಂಟಿನಲ್ಲಿ ಹೊಡೆದದ್ದು ಅದು. ಆ ಫಾಂಟುಗಳಲ್ಲಿ ಕನ್ನಡದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಅದೇ ಫಾಂಟಿರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಇಂಗ್ಲಿಷಿನ ಕಸ. ಯುನಿಕೋಡ್ ಬಂದು ಎಷ್ಟೋ ಕಾಲವಾಗಿದೆ, ಕೀಲಿಮಣೆಗೂ ಬರಗಾಲವಿಲ್ಲ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವೇ ಲಿನಕ್ಸಿನಲ್ಲೂ ಸಿಗುತ್ತದೆ, ಬೆರಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಆದರೂ ನಮ್ಮ ಸಂಘ ಸಂಸ್ಥೆಗಳ ಎಷ್ಟೋ ಮನವಿಗಳು ಇಂದಿಗೂ ಹೀಗೆಯೇ ಹೋಗುತ್ತವೆ. ಕಚೇರಿಯವರು ಕನ್ನಡ ಓದಲಿಲ್ಲ ಎಂದು ನಾವು ದೂರುವಾಗ, ಅವರ ಪರದೆಯ ಮೇಲೆ ಕನ್ನಡವೇ ಇರಲಿಲ್ಲ ಎಂಬುದೂ ಸಾಧ್ಯ. ಇದನ್ನು ಬರೆದದ್ದಕ್ಕೆ ನಾಲ್ಕು ಜನ ಮುನಿಸಿಕೊಳ್ಳಬಹುದು, ಮುನಿಸಿಕೊಳ್ಳಲಿ.

ಗುಮಾಸ್ತನ ಬಾಲಲೀಲೆಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೊದಲ ವಾರ ಅವನು ಪ್ರತಿಸಲವೂ ಕಾಯ್ದೆಯ ಸಾಲು ಸೇರಿಸುತ್ತಿದ್ದ. ಒಂದೇ ಮೇಲ್‌ಗೆ ನಾಲ್ಕು ಸುತ್ತು ಉತ್ತರ ಪ್ರತ್ಯುತ್ತರ ಮಾಡಿ ನೋಡಿದಾಗ ಕೊನೆಯಲ್ಲಿ ನಾಲ್ಕು ಕಾಯ್ದೆ. 'ಮೊದಲೇ ಇದ್ದರೆ ಬೇಡ' ಎಂದು ಒಂದು ಸಾಲು ಕಲಿಸಬೇಕಾಯಿತು. ಆಮೇಲೆ ಲಗತ್ತಿಲ್ಲದ ಮೇಲ್ ತಡೆಯುತ್ತಿದ್ದ, ಆದರೆ ಯಾಕೆಂದು ಹೇಳುತ್ತಿರಲಿಲ್ಲ. ಕಳಿಸು ಒತ್ತಿದರೆ ಮೌನ. ಕಾರಣ ಹೇಳದೆ ಬಾಗಿಲು ಹಾಕುವುದನ್ನು ಅವನಿಗೆ ನಾನು ಕಲಿಸಿರಲಿಲ್ಲ, ಆ ಹುದ್ದೆಯ ಹೆಸರಿನಲ್ಲೇ ಏನೋ ಇರಬೇಕು. ಎಚ್‌ಟಿಎಂಎಲ್ ಕಾಗದದಲ್ಲಿ ಸಾಲು ಸೇರಿಸುವ ಗೋಜು ಬೇಡವೆಂದು ಬರೀ ಪಠ್ಯದಲ್ಲಿ ಬರೆಯುವ ಹಾಗೆ ಥಂಡರ್‌ಬರ್ಡನ್ನು ಬದಲಿಸಿದೆ. ಅರ್ಜಿಗೆ ಬಣ್ಣ ಯಾಕೆ?

ಚೌಕಿಯಿಂದ ರಂಗಸ್ಥಳಕ್ಕೆ ಹೋಗಲು ಎರಡೂ ಫೈಲುಗಳನ್ನು ಜಿಪ್ ಮಾಡಿ ಹೆಸರಿನ ಬಾಲವನ್ನು 'ಎಕ್ಸ್‌ಪಿಐ' ಎಂದು ಬದಲಿಸಬೇಕು. ಫೋಲ್ಡರನ್ನಲ್ಲ, ಫೋಲ್ಡರಿನೊಳಗಿನ ಫೈಲುಗಳನ್ನು ಜಿಪ್ ಮಾಡಬೇಕು. ಈ ಒಂದು ವ್ಯತ್ಯಾಸಕ್ಕೆ ನನ್ನ ಅರ್ಧ ಗಂಟೆ ಆಹುತಿ. ಫೈರ್‌ಫಾಕ್ಸಿನ ಹಾಗೆ ಇದಕ್ಕೆ ಯಾರ ಸಹಿಯೂ ಬೇಡ, ನೇರ ಹಾಕಿಕೊಳ್ಳಬಹುದು. ಅದೇ ಕಾರಣಕ್ಕೆ ಗುರುತಿಲ್ಲದವರು ಕೊಟ್ಟ ಎಕ್ಸ್‌ಪಿಐ ಮುಟ್ಟಬಾರದು. 2025ರಿಂದ ಥಂಡರ್‌ಬರ್ಡಿನ ಹೊಸ ಆವೃತ್ತಿ ತಿಂಗಳಿಗೊಂದರಂತೆ ಬರುತ್ತಿದೆ. ನಾನು ಮಾತ್ರ ವರ್ಷಕ್ಕೊಮ್ಮೆ ಬದಲಾಗುವ ದೀರ್ಘಾವಧಿಯ ಆವೃತ್ತಿಯಲ್ಲೇ ಇದ್ದೇನೆ, ತಿಂಗಳಿಗೊಮ್ಮೆ ಗೆಜ್ಜೆ ಬಿಗಿಯುವ ಪ್ರಾಯ ಅಲ್ಲ. ಮೊಬೈಲಿನ ಥಂಡರ್‌ಬರ್ಡಿಗೆ ಆಡ್-ಆನ್ ಹತ್ತುವುದಿಲ್ಲ ಎಂಬುದೊಂದು ಕೊರತೆ. ಊರಿನ ಮುಕ್ಕಾಲು ಪಾಲು ಜನ ಅರ್ಜಿಯನ್ನೂ ಮೊಬೈಲಿನಿಂದಲೇ ಕಳಿಸುವವರು. ಅವರಿಗೆ ಹುಡುಗ ಸೂಚಿಸಿದ ಪರಿಹಾರ ನೇರವಾಗಿದೆ: ಆ ಎರಡು ಸಾಲನ್ನು ಸಹಿಯ ಜಾಗದಲ್ಲಿ ಬರೆದಿಟ್ಟುಕೊಳ್ಳಿ. ಹಾಗಾದರೆ ಆಡ್-ಆನ್ ಯಾಕೆ ಬೇಕಿತ್ತು ಎಂದು ಕೇಳಿದ. ನಾನು ಚಹಾ ಆರುತ್ತದೆ ಎಂದೆ.

ಮೋರಿ ಏನಾಯಿತು ಎಂದು ಕೇಳುತ್ತೀರಿ. ಅಡಿಕೆ ಮರದ ಕಾಂಡ ಸೀಳಿ ಅಡ್ಡ ಹಾಕಿ, ನಾವೇ ಮೂರು ಮನೆಯವರು ಸೇರಿ ನೀರು ತಿರುಗಿಸಿದ್ದೇವೆ. ಅರ್ಜಿಯನ್ನು ಮಾತ್ರ ಕಳೆದ ಸೋಮವಾರ ಮತ್ತೆ ಕಳಿಸಿದೆ, ಗುಮಾಸ್ತನ ಕೈಯಿಂದಲೇ. ಅವನು ವಿಳಾಸ ನೋಡಿದ, ಅಕ್ಷರ ಎಣಿಸಿದ, ಕಾಯ್ದೆಯ ಸಾಲು ಸೇರಿಸಿದ. ಮೋರಿಯ ಫೋಟೋ ಮರೆತಿದ್ದೆ, ತಡೆದು ನೆನಪು ಮಾಡಿದ. ಗುರುವಾರ ಉತ್ತರ ಬಂತು. ತೆರೆಯುವ ಮೊದಲೇ ಮೂಲರೂಪ ತೆಗೆದು ವಿಷಯದ ಸಾಲಿನಲ್ಲಿ ಮೂರನೆಯ ಅಕ್ಷರ ಹುಡುಕಿದೆ. 'ಕೆ' ಇರಲಿಲ್ಲ, 'ಎಸ್' ಕೂಡ ಇರಲಿಲ್ಲ. ಸಾಲಿಗೆ ಯಾವ ವೇಷವೂ ಇರಲಿಲ್ಲ, ಇಂಗ್ಲಿಷಿನಲ್ಲಿ ಬಂದಿತ್ತು. ಗುಮಾಸ್ತನ ಎಣಿಕೆಯ ಪಟ್ಟಿಯಲ್ಲಿ ನಾನು ಬರೆದದ್ದು ಎರಡೇ ಲಿಪಿ. ಹುಡುಗನಿಗೆ ಭಾನುವಾರ ಬರಲು ಹೇಳಿದ್ದೇನೆ.